ಪಕ್ಕದ ಮನೆ ಅಜ್ಜ ಕೊಟ್ಟ ಜಿಂಕೆ ಬಾಡು: ಸಾರು, ಕೈಮಾ ಉಂಡೆ, ಮೆಣಸಿನ ಹುರುಕಲು

ನವೆಂಬರ್ ಕೊನೆಯಲ್ಲಿ ಒಂದು ದಿನ ಬೆಳಗ್ಗೆ ಬಾಗಿಲು ತೆಗೆದರೆ ಗ್ಯಾರೇಜ್ ಪಕ್ಕ ಒಂದು ನೀಲಿ ಕೂಲರ್ ಡಬ್ಬ ಕೂತಿರುತ್ತದೆ. ಮುಚ್ಚಳದ ಮೇಲೆ ಟೇಪು, ಟೇಪಿನ ಮೇಲೆ ಪೆನ್ನಿನಲ್ಲಿ ನಮ್ಮ ಮನೆ ನಂಬರು. ಪಕ್ಕದ ಮನೆ ಅಜ್ಜನ ಕೆಲಸ. ಒಳಗೆ ಬಿಳಿ ಕಾಗದದಲ್ಲಿ ಸುತ್ತಿದ ಜಿಂಕೆ ಬಾಡು.

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್‌ನಿಂದ ಪಶ್ಚಿಮಕ್ಕೆ ಒಂದು ಸಣ್ಣ ಊರು. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಕೋವಿ ಬೇಟೆ ಶುರುವಾಗುತ್ತದೆ, ಒಂಬತ್ತು ದಿನ ನಡೆಯುತ್ತದೆ. ಆ ಒಂಬತ್ತು ದಿನ ಪೆಟ್ರೋಲ್ ಬಂಕಿನಿಂದ ಹಿಡಿದು ಬ್ಯಾಂಕಿನ ತನಕ ಎಲ್ಲಿ ನೋಡಿದರೂ ಕಿತ್ತಳೆ ಬಣ್ಣದ ಜಾಕೆಟ್. ಲೈಸೆನ್ಸ್ ತೆಗೆದುಕೊಂಡು ಲೆಕ್ಕ ಒಪ್ಪಿಸಿ ಹೊಡೆಯುವ ಬೇಟೆ ಇದು. ಹೊಡೆದ ಕಾಡು ಜಿಂಕೆಯ ಬಾಡನ್ನು ಮಾರುವ ಹಾಗಿಲ್ಲ, ಕೊಡಬಹುದು. ಅಂಗಡಿಯಲ್ಲಿ ಸಿಗುವ ವೆನಿಸನ್ ಸಾಕಿದ ಜಿಂಕೆಯದು, ಅದರಲ್ಲಿ ಬಹಳಷ್ಟು ನ್ಯೂಜಿಲೆಂಡ್‌ನಿಂದ ಬರುತ್ತದೆ. ಅದು ಸಿಕ್ಕರೂ ಕೆಳಗೆ ಹೇಳುವ ಅಡುಗೆ ಹಾಗೇ ನಡೆಯುತ್ತದೆ, ವಾಸನೆ ಇನ್ನೂ ಕಡಿಮೆ.

ಮೊದಲ ವರ್ಷ ಅತ್ತೆಗೆ ಫೋನಿನಲ್ಲಿ ಹೇಳಿದಾಗ ಅವರು ದನಿ ತಗ್ಗಿಸಿದರು. "ಏನವ್ವಾ, ಜಿಂಕೆನಾ? ಮೆಲ್ಲಗೆ ಮಾತಾಡು, ಯಾರಾದ್ರೂ ಕೇಳಿಸ್ಕೊಂಡಾರು!" ಅವರು ಕೂತಿದ್ದು ಚನ್ನರಾಯಪಟ್ಟಣದ ಮನೆಯ ಜಗಲಿಯಲ್ಲಿ. ಅವರ ಹೆದರಿಕೆ ತಪ್ಪೇನಲ್ಲ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಜಿಂಕೆ ಹೊಡೆಯುವುದಿರಲಿ, ಬಾಡು ಮನೆಯಲ್ಲಿ ಇಟ್ಟುಕೊಂಡರೂ ಜೈಲು. ಆದ್ದರಿಂದ ಊರಲ್ಲಿ ಕೂತು ಓದುತ್ತಿರುವವರು ಇದನ್ನು ಮೇಕೆ ಬಾಡಿನಲ್ಲಿ ಮಾಡಿ. ಹೊರದೇಶದಲ್ಲಿದ್ದು, ಯಾರೋ ಪ್ರೀತಿಯಿಂದ ಕೊಟ್ಟ ಪೊಟ್ಟಣ ಫ್ರೀಜರಿನಲ್ಲಿ ಇಟ್ಟುಕೊಂಡು ಏನು ಮಾಡುವುದೋ ಅಂತ ಕೂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ನಾನೂ ಹಾಗೆ ಕೂತವಳೇ. ಮೊದಲ ಸಲ ಮಟನ್ ಅಂದುಕೊಂಡು ಅಡುಗೆ ಮಾಡಿ ಎರಡು ತಪ್ಪು ಮಾಡಿದೆ. ಒಂದು, ಬೆನ್ನಿನ ಮೆತ್ತನೆ ತುಂಡನ್ನು ಕುಕ್ಕರಿಗೆ ಹಾಕಿ ಆರು ಕೂಗು ಕೂಗಿಸಿದೆ. ತೆಗೆದು ನೋಡಿದರೆ ಮರದ ಹೊಟ್ಟು. ಎರಡು, ಸುತ್ತ ಇದ್ದ ಬಿಳಿ ಕೊಬ್ಬನ್ನು ರುಚಿಗೆ ಇರಲಿ ಅಂತ ಬಿಟ್ಟೆ. ಸಾರು ಬಿಸಿ ಇರುವಾಗ ಗೊತ್ತಾಗಲಿಲ್ಲ. ಮೂರನೇ ತುತ್ತಿಗೆ ಅಂಗುಳಿಗೆ ಮೇಣ ಮೆತ್ತಿದ ಹಾಗಾಯಿತು. ಮಗಳು ನಾಲಿಗೆಯಿಂದ ಅಂಗುಳು ಕೆರೆದುಕೊಳ್ಳುತ್ತಾ "ಅಮ್ಮಾ, ಮೇಣದಬತ್ತಿ ಹಾಕಿದ್ಯಾ?" ಅಂದಳು. ಕುರಿ ಕೊಬ್ಬಿಗಿಂತ ಜಿಂಕೆ ಕೊಬ್ಬು ಗಟ್ಟಿ. ಬಾಯಿಯ ಬಿಸಿಗೆ ಕರಗುವುದಿಲ್ಲ, ಹೋಗಿ ಅಂಟಿಕೊಳ್ಳುತ್ತದೆ. ಜನ "ಕಾಡು ವಾಸನೆ" ಅನ್ನುತ್ತಾರಲ್ಲ, ಅದರಲ್ಲಿ ಮುಕ್ಕಾಲು ಪಾಲು ಈ ಕೊಬ್ಬಿನದೇ.

ಅದಕ್ಕೇ ಈಗ ನನ್ನ ಅಡುಗೆಮನೆಯಲ್ಲಿ ಒಂದೇ ಕಟ್ಟಳೆ. ಜಿಂಕೆಯ ಕೊಬ್ಬು ಪೂರ್ತಿ ತೆಗಿ, ನಮ್ಮ ಕೊಬ್ಬು ಹಾಕು. ತುಪ್ಪ, ಎಣ್ಣೆ, ತೆಂಗಿನಕಾಯಿ. 100 ಗ್ರಾಂ ಜಿಂಕೆ ಬಾಡಿನಲ್ಲಿ ಕೊಬ್ಬು ಎರಡು ಮೂರು ಗ್ರಾಂ ಮಾತ್ರ. ಆ ಬಡ ಬಾಡಿಗೆ ನಾವು ಏನೂ ಕೊಡದಿದ್ದರೆ ಅದು ಒಣಗದೆ ಇನ್ನೇನಾಗುತ್ತದೆ?

ಒಲೆ ಹಚ್ಚುವ ಮುಂಚೆ ಕೊಟ್ಟವರನ್ನು ಮೂರು ಮಾತು ಕೇಳಿ. ನಾಚಿಕೆ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ.

ಮೊದಲನೆಯದು, ರೋಗದ ಪರೀಕ್ಷೆ ಆಗಿದೆಯಾ ಅಂತ. ಜಿಂಕೆಗಳಿಗೆ ಸಿಡಬ್ಲ್ಯುಡಿ ಅಂತ ಮೆದುಳಿನ ರೋಗ ಬರುತ್ತದೆ. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಮೊದಲು ಸಿಕ್ಕಿದ್ದು ನಮ್ಮ ಕಡೆಯೇ, ಮೌಂಟ್ ಹೊರೆಬ್ ಹತ್ತಿರ. ಮನುಷ್ಯರಿಗೆ ಬಂದದ್ದು ಇದುವರೆಗೆ ಕಂಡಿಲ್ಲ. ಆದರೂ ರೋಗ ಇರುವ ಜಿಂಕೆ ತಿನ್ನಬೇಡಿ ಅನ್ನುತ್ತದೆ ಇಲ್ಲಿನ ಆರೋಗ್ಯ ಇಲಾಖೆ. ಬೇಯಿಸಿದರೆ ಹೋಗುವ ರೋಗವಲ್ಲ ಅದು, ಎಷ್ಟು ಕುದಿಸಿದರೂ ಸಾಯುವುದಿಲ್ಲ. ಬೇಟೆಗಾರರು ಜಿಂಕೆಯ ತಲೆಯನ್ನು ಕತ್ತಿನ ಸಮೇತ ಪರೀಕ್ಷೆಯ ಪೆಟ್ಟಿಗೆಗೆ ಹಾಕಿ ಬರುತ್ತಾರೆ, ಕೆಲವು ದಿನದಲ್ಲಿ ಫಲಿತಾಂಶ ಬರುತ್ತದೆ. ಅಲ್ಲಿಯವರೆಗೆ ಬಾಡು ಫ್ರೀಜರಿನಲ್ಲಿ ಕಾಯುತ್ತದೆ. ಅಜ್ಜ ಫಲಿತಾಂಶ ಬಂದ ಮೇಲೆಯೇ ನಮಗೆ ಕೊಡುವುದು. ಹಾಗಿದ್ದೂ ಬೆನ್ನುಮೂಳೆ, ಮೆದುಳು, ಗುಲ್ಮ ನಾನು ಮುಟ್ಟುವುದಿಲ್ಲ. ಊರಲ್ಲಿ ತಲೆಮಾಂಸ ಅಂದರೆ ಪ್ರಾಣ ಬಿಡುವ ನಮ್ಮವರು ಇಲ್ಲಿ ಆ ಆಸೆ ಬಿಡಬೇಕು.

ಎರಡನೆಯದು, ಗುಂಡು ಸೀಸದ್ದಾ, ತಾಮ್ರದ್ದಾ ಅಂತ. ಸೀಸದ ಗುಂಡು ಒಳಗೆ ಹೋಗಿ ಚೂರು ಚೂರಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಗಾಯದಿಂದ ಸಾಕಷ್ಟು ದೂರದವರೆಗೂ ಹೋಗಿರುತ್ತದೆ. ಗಾಯದ ಸುತ್ತ ಕೆಂಪು ಕಪ್ಪಾಗಿ ರಕ್ತ ಕಟ್ಟಿದ ಭಾಗವನ್ನು ಜಿಪುಣತನ ಮಾಡದೆ ಅಗಲವಾಗಿ ಕೊಯ್ದು ಬಿಸಾಡಿ. ಸೀಸದ ಗುಂಡಿನಿಂದ ಹೊಡೆದದ್ದಾದರೆ ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡಬೇಡಿ. ನನ್ನ ಮಗನಿಗೆ ಆರು ವರ್ಷ. ಅವನಿಗೋಸ್ಕರ ಅಂತಲೇ ಅಜ್ಜ ಈಗ ತಾಮ್ರದ ಗುಂಡು ಬಳಸುತ್ತಾನೆ.

ಮೂರನೆಯದು ಕೈಮಾ ಪೊಟ್ಟಣದ ವಿಷಯ. ಒಂದು ವರ್ಷ ಕೈಮಾ ಉಂಡೆ ಸಾರು ಮಾಡಿ, ಹಂದಿ ತಿನ್ನದ ಸ್ನೇಹಿತರನ್ನು ಊಟಕ್ಕೆ ಕರೆದಿದ್ದೆ. ಎಲೆಗೆ ಬಡಿಸುವುದಕ್ಕೆ ಅರ್ಧ ಗಂಟೆ ಮುಂಚೆ ಪೊಟ್ಟಣದ ಕಾಗದ ಕಸದ ಬುಟ್ಟಿಯಲ್ಲಿ ಕಣ್ಣಿಗೆ ಬಿತ್ತು. ಸಣ್ಣ ಅಕ್ಷರದಲ್ಲಿ "ಹಂದಿ ಕೊಬ್ಬು ಸೇರಿಸಿದೆ" ಅಂತ. ಜಿಂಕೆ ಬಾಡು ಒಣಕಲು ಅಂತ ಕತ್ತರಿಸಿಕೊಡುವ ಅಂಗಡಿಯವರು ಹಂದಿಯದೋ ದನದ್ದೋ ಕೊಬ್ಬು ಬೆರೆಸಿ ಕೈಮಾ ಮಾಡುವುದು ಇಲ್ಲಿ ಮಾಮೂಲು. ಆ ದಿನ ಸ್ನೇಹಿತರು ಮೊಟ್ಟೆ ಸಾರು ತಿಂದರು. ಅಂದಿನಿಂದ ಇಡೀ ತುಂಡು ಕೇಳಿ ತೆಗೆದುಕೊಂಡು ಮನೆಯಲ್ಲೇ ಕೈಮಾ ಮಾಡುತ್ತೇನೆ.

ಇನ್ನು ಬಾಡು ಹಸನು ಮಾಡುವುದು. ಫ್ರೀಜರಿನಿಂದ ತೆಗೆದು ಕೆಳಗಿನ ಫ್ರಿಜ್ಜಿನಲ್ಲಿ ಒಂದು ತಟ್ಟೆಯ ಮೇಲೆ ಒಂದು ದಿನ ಪೂರ್ತಿ ಇಡಿ. ಕೌಂಟರ್ ಮೇಲೆ ಬಿಟ್ಟು ಕೆಲಸಕ್ಕೆ ಹೋಗಬೇಡಿ. ಕರಗಿದ ಮೇಲೆ ಮೊದಲು ಹುಡುಕಬೇಕಾದ್ದು ಕೂದಲು. ಜಿಂಕೆ ಕೂದಲು ಟೊಳ್ಳು, ಒರಟು, ಒಂದೊಂದಾಗಿ ಬಾಡಿಗೆ ಅಂಟಿರುತ್ತದೆ. ನಲ್ಲಿ ಕೆಳಗೆ ಹಿಡಿದರೆ ಹೋಗುವುದಿಲ್ಲ, ಸುಮ್ನೆ ಸಿಂಕ್ ತುಂಬ ನೀರು ಸಿಡಿಯುತ್ತದೆ ಅಷ್ಟೇ. ಪೇಪರ್ ಟವಲ್ ಒದ್ದೆ ಮಾಡಿ ಒಂದೇ ದಿಕ್ಕಿಗೆ ಒರೆಸಿ, ಸುರುಳಿಯಾಗಿ ಬಂದುಬಿಡುತ್ತದೆ. ಅತ್ತೆಗೆ ಮಾತ್ರ ಅರಿಶಿನದ ನೀರಿನಲ್ಲಿ ಮೂರು ಸಲ ತೊಳೆದೆ ಅಂತಲೇ ಹೇಳಿದ್ದೇನೆ.

ಆಮೇಲೆ ಕೊಬ್ಬು. ಬಿಳಿಯದು, ಪುಡಿಪುಡಿಯಾಗಿ ಒಡೆಯುವುದು, ಎಲ್ಲ ತೆಗೆಯಿರಿ. ಅದರ ಕೆಳಗೆ ಬೆಳ್ಳಗೆ ಹೊಳೆಯುವ ತೆಳು ಪೊರೆ ಕಾಣುತ್ತದೆ, ಇಲ್ಲಿಯವರು ಸಿಲ್ವರ್ ಸ್ಕಿನ್ ಅನ್ನುತ್ತಾರೆ. ಅದನ್ನು ತೆಗೆಯುವುದಕ್ಕೆ ಕೈ ಪಳಗಬೇಕು. ಚೂಪಾದ ಸಣ್ಣ ಚಾಕುವಿನ ತುದಿಯನ್ನು ಒಂದು ಕೊನೆಯಲ್ಲಿ ಪೊರೆಯ ಕೆಳಗೆ ತೂರಿಸಿ. ಬೆರಳು ಹಿಡಿಯುವಷ್ಟು ಪಟ್ಟಿ ಬಿಟ್ಟುಕೊಂಡ ಮೇಲೆ ಎಡಗೈಯಲ್ಲಿ ಅದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಈಗ ಚಾಕುವಿನ ಬಾಯಿಯನ್ನು ಬಾಡಿನ ಕಡೆಗಲ್ಲ, ಸ್ವಲ್ಪ ಮೇಲಕ್ಕೆ, ಪೊರೆಯ ಕಡೆಗೇ ತಿರುಗಿಸಿ ಜಾರಿಸಿ. ಪಟ್ಟಿ ರಿಬ್ಬನ್ ಥರ ಉದ್ದಕ್ಕೆ ಬರುತ್ತದೆ. ಚಾಕು ಕೆಳಕ್ಕೆ ತಿರುಗಿದರೆ ಒಳ್ಳೆಯ ಬಾಡೆಲ್ಲ ಪೊರೆಯ ಜೊತೆ ಹೋಗುತ್ತದೆ. ನನ್ನ ಮೊದಲ ವರ್ಷದ ಕಸದ ಬುಟ್ಟಿ ನೋಡಿದ್ದರೆ ಅಜ್ಜ ಮತ್ತೆ ಕೊಡುತ್ತಿರಲಿಲ್ಲ.

ಎಲ್ಲ ಪೊರೆಯನ್ನೂ ತೆಗೆಯಬೇಕಿಲ್ಲ. ಬೆನ್ನಿನ ಮೇಲಿನದು ಎಷ್ಟು ಬೇಯಿಸಿದರೂ ರಬ್ಬರ್, ಅದನ್ನು ತಪ್ಪದೆ ತೆಗೆಯಿರಿ. ಕಾಲಿನ ಕೆಳಭಾಗದ ತುಂಡಿನಲ್ಲಿ ಬಾಡಿನ ನಡುವೆ ಹೆಣೆದುಕೊಂಡಿರುವ ನರಗಳನ್ನು ಹಾಗೇ ಬಿಡಿ. ನಿಧಾನವಾಗಿ ಬೆಂದರೆ ಅವು ಕರಗಿ ಸಾರು ತುಟಿಗೆ ಅಂಟುವ ಹಾಗೆ ಆಗುತ್ತದೆ, ನಮ್ಮ ಕಾಲು ಸೂಪಿನ ಹಾಗೆ.

ಹಾಲಿನಲ್ಲೋ ಮಜ್ಜಿಗೆಯಲ್ಲೋ ರಾತ್ರಿಯೆಲ್ಲ ನೆನೆಸಿ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಕೊಬ್ಬು ಚೆನ್ನಾಗಿ ತೆಗೆದಿದ್ದರೆ ನನಗೆ ಅದರ ಅಗತ್ಯ ಕಂಡಿಲ್ಲ. ದೊಡ್ಡ ಗಂಡು ಜಿಂಕೆಯದಾದರೆ ಹುಳಿ ಮಜ್ಜಿಗೆ, ಚಿಟಿಕೆ ಅರಿಶಿನ, ಫ್ರಿಜ್ಜಿನಲ್ಲಿ ನಾಲ್ಕು ಗಂಟೆ, ಅಷ್ಟು ಸಾಕು. ಉಪ್ಪು ನೀರಿನಲ್ಲಿ ನೆನೆಸುವುದು ಮಾತ್ರ ನನಗೆ ಇಷ್ಟವಿಲ್ಲ. ಬಾಡು ಬಿಳಚಿಕೊಳ್ಳುತ್ತದೆ.

ಮೊದಲು ಸಾರು. ಇದಕ್ಕೆ ಕೈ ಭಾಗದ ಬಾಡು, ಕಾಲಿನ ಕೆಳಗಿನ ತುಂಡು. ಎರಡು ಪೌಂಡ್, ಅಂದರೆ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಕುಕ್ಕರಿನಲ್ಲಿ ಎರಡು ಚಮಚ ಎಣ್ಣೆ, ಒಂದು ದೊಡ್ಡ ಚಮಚ ತುಪ್ಪ. ಒಂದು ಈರುಳ್ಳಿ ಹೆಚ್ಚಿ ಹಾಕಿ ಬಾಡಿಸಿ, ಅರಿಶಿನ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಆಮೇಲೆ ಬಾಡು, ಉಪ್ಪು. ಜಿಂಕೆ ಬಾಡು ಮಟನ್‌ಗಿಂತ ಕಪ್ಪಗೆ, ಕೆಂಪು ನೀರು ಜಾಸ್ತಿ ಬಿಡುತ್ತದೆ. ಗಾಬರಿ ಬೇಡ. ಆ ನೀರು ಹಿಂಗುವ ತನಕ ಹುರಿಯಿರಿ, ವಾಸನೆ ಹೋಗುವುದು ಅಲ್ಲೇ. ಬಿಸಿನೀರು ನಾಲ್ಕು ಲೋಟ ಹಾಕಿ ಮುಚ್ಚಿ. ಒಂದು ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ 35 ನಿಮಿಷ. ಕೂಗು ಎಣಿಸಬೇಡಿ, ಗಡಿಯಾರ ನೋಡಿ.

ಅಷ್ಟರಲ್ಲಿ ಖಾರ. ಎರಡು ಚಮಚ ಧನಿಯ, ಒಂದು ಚಮಚ ಮೆಣಸು, ಆರು ಬ್ಯಾಡಗಿ, ಎರಡು ಗುಂಟೂರು, ಚಕ್ಕೆ ಒಂದು ಬೆರಳುದ್ದ, ಲವಂಗ ನಾಲ್ಕು, ಗಸಗಸೆ ಒಂದು ಚಮಚ ಹುರಿಯಿರಿ. ಅದೇ ಬಾಣಲೆಯಲ್ಲಿ ಒಂದು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ ಕೆಂಪಗೆ ಹುರಿದು, ಒಂದು ಟೊಮೆಟೊ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಕಾಯಿತುರಿ ಮಟನ್‌ಗೆ ಹಾಕುವುದರ ಒಂದೂವರೆ ಪಾಲು ಹಾಕಿ, ಮುಕ್ಕಾಲು ಲೋಟದಷ್ಟು. ಒಂದು ಚಮಚ ಹುರಿಗಡಲೆ ಸೇರಿಸಿ ನುಣ್ಣಗೆ ರುಬ್ಬಿ. ಕುಕ್ಕರ್ ತೆಗೆದ ಮೇಲೆ ಒಂದು ತುಂಡನ್ನು ಎರಡು ಬೆರಳಲ್ಲಿ ಅದುಮಿ ನೋಡಿ. ಬಿಟ್ಟುಕೊಳ್ಳದಿದ್ದರೆ ಇನ್ನೂ ಹತ್ತು ನಿಮಿಷ. ಬೆಂದಿದ್ದರೆ ಖಾರ ಹಾಕಿ ಮುಚ್ಚಳ ತೆಗೆದೇ ಕಾಲು ಗಂಟೆ ಕುದಿಸಿ. ಮಟನ್ ಸಾರಿನಲ್ಲಿ ಎಣ್ಣೆ ಮೇಲೆ ತೇಲಿದರೆ ಆಯ್ತು ಅನ್ನುತ್ತೇವೆ ಅಲ್ವಾ? ಇಲ್ಲಿ ತೇಲುವಷ್ಟು ಕೊಬ್ಬೇ ಇಲ್ಲ, ಅದಕ್ಕೆ ಕಾಯುತ್ತಾ ಕೂತರೆ ತಳ ಹಿಡಿಯುತ್ತದೆ. ಹಸಿ ವಾಸನೆ ಹೋಯಿತಾ ಅಂತ ಮೂಗಿನಿಂದಲೇ ನೋಡಿ.

ಇಳಿಸುವ ಮುಂಚೆ ಹುಳಿ. ಶಿಕಾಗೋದಲ್ಲಿರುವ ಕೊಡಗಿನ ಗೆಳತಿ ಒಂದು ಸಣ್ಣ ಬಾಟಲಿ ಕಾಚಂಪುಳಿ ಕೊಟ್ಟಿದ್ದಳು. ಪಂದಿ ಕರಿಗೆ ಅವರು ಹಾಕುವ ಕಪ್ಪು ಹುಳಿ. ಅರ್ಧ ಚಮಚ ಹಾಕಿದರೆ ಜಿಂಕೆ ಬಾಡಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಇಲ್ಲದಿದ್ದರೆ ನಿಂಬೆಹಣ್ಣು. ಮುದ್ದೆಗೆ ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ.

ಈಗ ಕೈಮಾ ಉಂಡೆ. ನನ್ನ ಪ್ರಕಾರ ಜಿಂಕೆ ಬಾಡಿಗೆ ಇದೇ ಸರಿಯಾದ ಅಡುಗೆ. ಒಣಕಲು ಅನ್ನುವ ದೂರನ್ನು ಕಾಯಿ, ಹುರಿಗಡಲೆ ಎರಡೂ ಸೇರಿ ಮುಚ್ಚಿಹಾಕುತ್ತವೆ. ತೊಡೆಯ ಬಾಡು ಒಂದು ಪೌಂಡ್ ತೆಗೆದುಕೊಳ್ಳಿ. ಸಣ್ಣ ತುಂಡು ಮಾಡಿ ಫ್ರೀಜರಿನಲ್ಲಿ ಅರ್ಧ ಗಂಟೆ ಇಟ್ಟು, ಗಡುಸಾದ ಮೇಲೆ ಮಿಕ್ಸಿಯಲ್ಲಿ ಎರಡು ಮೂರು ಸಲ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಬಿಸಿಯಾಗಿ ಅಂಟಾಗುತ್ತದೆ. ಇದಕ್ಕೆ ಹುರಿಗಡಲೆ ಪುಡಿ ಮೂರು ಚಮಚ, ನುಣ್ಣಗೆ ರುಬ್ಬಿದ ಕಾಯಿ ಮೂರು ಚಮಚ, ಶುಂಠಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಎರಡು, ಚಕ್ಕೆ ಲವಂಗದ ಪುಡಿ ಕಾಲು ಚಮಚ, ಕೊತ್ತಂಬರಿ, ಉಪ್ಪು, ಒಂದು ಚಮಚ ಗಟ್ಟಿ ತುಪ್ಪ. ಈರುಳ್ಳಿ ಹಾಕುವುದಾದರೆ ತೀರ ಸಣ್ಣಗೆ ಹೆಚ್ಚಿ, ಹಿಂಡಿ ಹಾಕಿ. ನೀರಿದ್ದರೆ ಉಂಡೆ ಒಡೆಯುತ್ತದೆ.

ಗುಟ್ಟು ಇರುವುದು ನಾದುವುದರಲ್ಲಿ. ಕೊಬ್ಬಿಲ್ಲದ ಕೈಮಾ ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ. ಉಪ್ಪು ಹಾಕಿ ಅಂಗೈಯ ಬುಡದಿಂದ ಐದು ನಿಮಿಷ ಪಾತ್ರೆಗೆ ತಿಕ್ಕಿ ತಿಕ್ಕಿ ನಾದಿ. ಮೊದಲು ಉದುರು ಉದುರಾಗಿರುತ್ತದೆ. ಮೂರನೇ ನಿಮಿಷಕ್ಕೆ ಬೆರಳ ಸಂದಿಗೆ ಅಂಟಲು ಶುರುವಾಗುತ್ತದೆ. ಪಾತ್ರೆಯ ಬದಿ ಬಿಟ್ಟು ಎಲ್ಲ ಒಂದೇ ಮುದ್ದೆಯಾಗಿ ಕೈ ಹಿಂದೆ ಬಂದರೆ ಹದ ಬಂತು. ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ, ಅಂಗೈಗೆ ಎಣ್ಣೆ ಸವರಿಕೊಂಡು. ಬಿರುಕು ಒಂದೂ ಇರಬಾರದು.

ಸಾರಿಗೆ ಮೇಲೆ ಹೇಳಿದ ಖಾರವೇ, ಸ್ವಲ್ಪ ತೆಳ್ಳಗೆ. ಅದು ಚೆನ್ನಾಗಿ ಕುದಿಯುವಾಗ ಮೊದಲು ಒಂದೇ ಉಂಡೆ ಬಿಡಿ. ಎರಡು ನಿಮಿಷ ನೋಡಿ. ನಿಂತರೆ ಮಿಕ್ಕವನ್ನೂ ಒಂದೊಂದಾಗಿ ಬಿಡಿ. ಒಡೆದರೆ ಇನ್ನೊಂದು ಚಮಚ ಹುರಿಗಡಲೆ ಪುಡಿ ಹಾಕಿ ಮತ್ತೆ ನಾದಿ. ಸೌಟು ಮಾತ್ರ ಹಾಕಬೇಡಿ. ಪಾತ್ರೆಯ ಎರಡೂ ಕಿವಿ ಹಿಡಿದು ಮೆಲ್ಲಗೆ ಅಲುಗಾಡಿಸಿ. 15 ನಿಮಿಷದಲ್ಲಿ ಬೇಯುತ್ತದೆ. ಜಿಂಕೆ ಬಾಡಿನ ಬಣ್ಣ ನೋಡಿ ಬೆಂದಿದೆಯೋ ಇಲ್ಲವೋ ಹೇಳುವುದು ಕಷ್ಟ, ಅದಕ್ಕೆ ಅಡುಗೆ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಉಂಡೆಯ ಮಧ್ಯಕ್ಕೆ ಚುಚ್ಚಿದರೆ 71 ಡಿಗ್ರಿ ಸೆಲ್ಸಿಯಸ್, ಇಲ್ಲಿನ ಲೆಕ್ಕದಲ್ಲಿ 160, ತೋರಿಸಬೇಕು.

ಕೊನೆಗೆ ಬೆನ್ನಿನ ತುಂಡು. ಬೆನ್ನುಮೂಳೆಯ ಎರಡೂ ಬದಿ ಉದ್ದಕ್ಕೆ ಇರುವುದು, ಬ್ಯಾಕ್‌ಸ್ಟ್ರಾಪ್. ಇದನ್ನು ಕೊಡುವವರು ನಿಮ್ಮನ್ನು ನಿಜವಾಗಿ ಇಷ್ಟಪಡುತ್ತಾರೆ ಅಂತ ಅರ್ಥ, ಬೇಟೆಗಾರರು ತಮಗೇ ಇಟ್ಟುಕೊಳ್ಳುವ ಭಾಗ ಇದು. ಕುಕ್ಕರ್ ಹತ್ತಿರಕ್ಕೂ ತರಬೇಡಿ. ಎಳೆಗೆ ಅಡ್ಡಲಾಗಿ ಅರ್ಧ ಬೆರಳು ದಪ್ಪಕ್ಕೆ ಕೊಯ್ದು, ಉಪ್ಪು, ಅರಿಶಿನ, ಒಂದು ಚಮಚ ಎಣ್ಣೆ ಸವರಿ ಅರ್ಧ ಗಂಟೆ ಇಡಿ. ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾಯಲಿ. ಒಂದು ಸಲಕ್ಕೆ ಏಳೆಂಟು ತುಂಡು ಮಾತ್ರ, ತುಂಬ ಹಾಕಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಒಂದೊಂದು ಬದಿ ಒಂದೂವರೆ ಎರಡು ನಿಮಿಷ. ಅಜ್ಜ ಒಳಗೆ ಕೆಂಪಗೆ ಇರುವಾಗಲೇ ತಿನ್ನುತ್ತಾನೆ. ಕಾಡು ಪ್ರಾಣಿ ಅಂತ ನಾನು ಇಲ್ಲೂ 71 ಡಿಗ್ರಿ ಬಿಡುವುದಿಲ್ಲ, ಆದರೆ ಮುಟ್ಟಿದ ಕ್ಷಣ ತೆಗೆದುಬಿಡುತ್ತೇನೆ. ಅದೇ ಬಾಣಲೆಗೆ ತುಪ್ಪ, ಕರಿಬೇವು, ಸೀಳಿದ ಬೆಳ್ಳುಳ್ಳಿ, ಆಗಷ್ಟೇ ಕುಟ್ಟಿದ ಮೆಣಸು ಎರಡು ಚಮಚ. ಒಲೆ ಆರಿಸಿ ತುಂಡುಗಳನ್ನು ಹಾಕಿ ಹೊರಳಿಸಿ, ನಿಂಬೆ ಹಿಂಡಿ, ತಕ್ಷಣ ತಿನ್ನಿ. ಆರಿದರೆ ಗಟ್ಟಿಯಾಗುತ್ತದೆ. ಗಂಡ ಫೋನಿನಲ್ಲಿದ್ದರೆ ನಾವು ಮೂವರೂ ಕಾಯುವುದಿಲ್ಲ.

ಟೆಕ್ಸಾಸಿನಲ್ಲಿರುವ ನಮ್ಮವರಿಗೆ ಒಂದು ಮಾತು. ನಿಮಗೆ ಅಲ್ಲಿ ಆಕ್ಸಿಸ್ ಅಂತ ಸಿಗುವುದು ಬೇರೆ ಯಾವುದೂ ಅಲ್ಲ, ಬಂಡೀಪುರದ ರಸ್ತೆ ಬದಿಯಲ್ಲಿ ನಾವು ನೋಡುವ ಚುಕ್ಕೆ ಜಿಂಕೆಯೇ. 1930ರ ದಶಕದಲ್ಲಿ ಅಲ್ಲಿಗೆ ತಂದು ಬಿಟ್ಟರು, ಈಗ ತುಂಬಿಕೊಂಡಿವೆ. ಆಸ್ಟಿನ್‌ನಲ್ಲಿರುವ ತಂಗಿ ಮನೆಯಲ್ಲಿ ಒಂದು ಸಲ ತಿಂದೆ. ಇಲ್ಲಿನ ಜಿಂಕೆಗಿಂತ ವಾಸನೆ ಕಡಿಮೆ, ಮಜ್ಜಿಗೆ ಏನೂ ಬೇಡ. ಅತ್ತೆಗೆ ಇದನ್ನು ಇನ್ನೂ ಹೇಳಿಲ್ಲ.

ಉಳಿದ ಕೈಮಾ ಉಂಡೆ ಸಾರನ್ನು ಮಾರನೇ ದಿನಕ್ಕೆ ಇಡಿ, ರಾತ್ರಿಯಿಡೀ ಉಂಡೆ ಖಾರ ಹೀರಿಕೊಂಡಿರುತ್ತದೆ. ಬಿಸಿ ಮಾಡುವಾಗ ಸಣ್ಣ ಉರಿ, ಅರ್ಧ ಲೋಟ ಬಿಸಿನೀರು ಸೇರಿಸಿ. ದೋಸೆ ಹುಯ್ಯುವ ಮುಂಚೆ ಉಂಡೆಗಳನ್ನು ಎಣಿಸಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಪ್ರತಿ ಸಲ ಎರಡು ಕಡಿಮೆ ಇರುತ್ತವೆ, ಮಗನ ಶರ್ಟಿನ ತೋಳಿನ ಮೇಲೆ ಅರಿಶಿನದ ಕಲೆ ಇರುತ್ತದೆ.